ಬ್ರಹ್ಮಾವರದ ಇಗರ್ಜಿ: ಮೇಲಿನಿಂದ ಆದೇಶ ಬಂದಾಗ ಊರು ಏನು ಮಾಡಿತು?



ಮುಂಬೈನಲ್ಲಿ ಇರೋರು ದಾದರ್ ಕಡೆ ಹೋದಾಗ ‘ಪೋರ್ಚುಗೀಸ್ ಚರ್ಚ್’ ಅನ್ನೋ ಹೆಸರು ಕೇಳಿರ್ತೀರಿ. ಟ್ಯಾಕ್ಸಿಯವರಿಗೆ ಹಾಗೇ ಹೇಳ್ಬೇಕು, ಆಗ್ಲೇ ಅರ್ಥ ಆಗೋದು. ಚರ್ಚ್‌ನ ನಿಜವಾದ ಹೆಸರು ‘ಅವರ್ ಲೇಡಿ ಆಫ್ ಸಾಲ್ವೇಶನ್’. ಈಗಿರೋ ಕಟ್ಟಡ 1970ರ ದಶಕದ್ದು, ಚಾರ್ಲ್ಸ್ ಕೊರಿಯಾ ಅವರ ವಿನ್ಯಾಸ. ಪೋರ್ಚುಗೀಸರು ಮುಂಬೈಯನ್ನ ಬ್ರಿಟಿಷರ ಕೈಗೆ ಕೊಟ್ಟಿದ್ದು 1660ರ ದಶಕದಲ್ಲಿ. ಅಂದ್ರೆ ಮೂರೂವರೆ ಶತಮಾನ ಆಯ್ತು. ಆದ್ರೂ ಆ ಹೆಸರು ಯಾಕೆ ಅಂಟಿಕೊಂಡಿದೆ?

ಯಾಕಂದ್ರೆ ರಾಜ್ಯ ಹೋದ ಮೇಲೂ ಚರ್ಚಿನ ಮೇಲಿನ ಹಕ್ಕು ಹೋಗಿರಲಿಲ್ಲ. ಮುಂಬೈ ಬ್ರಿಟಿಷರದ್ದು, ಆದ್ರೆ ಅಲ್ಲಿನ ಕೆಲವು ಚರ್ಚುಗಳಿಗೆ ಪಾದ್ರಿಗಳನ್ನ ಕಳಿಸೋ ಹಕ್ಕು ಪೋರ್ಚುಗೀಸ್ ಕಡೆಯವರದ್ದು. 1794ರಲ್ಲಿ ಮುಂಬೈನ ಚರ್ಚುಗಳನ್ನ ಎರಡು ಪಾಲು ಮಾಡಿ ಹಂಚಿದರು. ದಾದರ್‌ನದ್ದು ಪೋರ್ಚುಗೀಸ್ ಪಾಲಿಗೆ ಬಂತು. ಆ ಎರಡು ಪಾಲು ಒಂದಾಗಿದ್ದು 1928ರಲ್ಲಿ.

ಇದೇ ಜಗಳ ನಮ್ಮ ಕರಾವಳಿಯಲ್ಲೂ ನಡೀತು. ಉಡುಪಿಯಿಂದ ಕುಂದಾಪುರಕ್ಕೆ ಹೋಗೋ ಹೆದ್ದಾರಿಯಲ್ಲಿ ಬ್ರಹ್ಮಾವರ ಅನ್ನೋ ಊರು ಸಿಗುತ್ತಲ್ಲ, ಅಲ್ಲಿ ಈ ಜಗಳ ಇನ್ನೂ ದೂರ ಹೋಯ್ತು. ಅಲ್ಲಿನ ಒಂದಷ್ಟು ರೈತ ಕುಟುಂಬಗಳು “ನಮಗೆ ಈ ಏರ್ಪಾಡು ಒಪ್ಪಿಗೆ ಇಲ್ಲ” ಅಂತ ಹೇಳಿ ತಮ್ಮದೇ ಇಗರ್ಜಿ ಕಟ್ಟಿಕೊಂಡವು. ಇಗರ್ಜಿ ಅಂದ್ರೆ ಚರ್ಚ್, ಕರಾವಳಿಯವರಿಗೆ ಹೇಳೋದೇ ಬೇಡ. ಇವತ್ತು ನಾನು ಹೇಳೋಕೆ ಹೊರಟಿರೋದು ಅದರ ಕತೆ. ನಾನು ಇತಿಹಾಸಕಾರನೂ ಅಲ್ಲ, ದೇವಶಾಸ್ತ್ರ ಓದಿದವನೂ ಅಲ್ಲ, ಕೋಡ್ ಬರೆಯೋನು. ಹಾಗಾಗಿ ಯಾರ ನಂಬಿಕೆ ಸರಿ ಅನ್ನೋ ಪ್ರಶ್ನೆಗೆ ನಾನು ಹೋಗಲ್ಲ. ಒಂದು ಸಂಸ್ಥೆಯನ್ನ ಜನ ಕಟ್ಟಿದ ಮೇಲೆ ಅದು ಯಾರದ್ದು ಅನ್ನೋ ಪ್ರಶ್ನೆ ಮಾತ್ರ ನನ್ನದು.

ಸ್ವಲ್ಪ ಹಿಂದಿನಿಂದ ಶುರು ಮಾಡ್ತೀನಿ.

ಕರಾವಳಿಯ ಕೊಂಕಣಿ ಕ್ರೈಸ್ತರ ಮೂಲ ಬಹುಪಾಲು ಗೋವಾ. 16 ಮತ್ತು 17ನೇ ಶತಮಾನದಲ್ಲಿ ಅಲೆಅಲೆಯಾಗಿ ದಕ್ಷಿಣಕ್ಕೆ ಬಂದರು. ಕೆಲವರು ಇನ್‌ಕ್ವಿಸಿಶನ್‌ಗೆ ಹೆದರಿ, ಕೆಲವರು ಯುದ್ಧ, ಬರ, ತೆರಿಗೆ ತಾಳಲಾರದೆ. ಇಲ್ಲಿ ಕೆಳದಿ ಅಂದ್ರೆ ಇಕ್ಕೇರಿ ಅರಸರು ಆಳ್ತಿದ್ರು. ಅವರಿಗೆ ಗದ್ದೆ ಮಾಡೋ ಕೈ ಬೇಕಿತ್ತು. ಬಸ್ರೂರು, ಮಂಗಳೂರು ಬಂದರುಗಳಿಂದ ಗೋವಾಕ್ಕೆ ಅಕ್ಕಿ ಹೋಗ್ತಿತ್ತು. ಹೊಸಬರು ರೈತರು, ಅವರಿಗೆ ಜಾಗ ಸಿಕ್ತು. 1801ರಲ್ಲಿ ಈ ಕಡೆ ಪ್ರವಾಸ ಮಾಡಿದ ಫ್ರಾನ್ಸಿಸ್ ಬ್ಯುಕ್ಯಾನನ್, ಇಕ್ಕೇರಿ ಅರಸರು ಕ್ರೈಸ್ತರಿಗೆ ಬಹಳ ಪ್ರೋತ್ಸಾಹ ಕೊಟ್ಟು ತುಳುನಾಡಿನಲ್ಲಿ ನೆಲೆ ನಿಲ್ಲಿಸಿದ್ರು ಅಂತ ಬರೆದಿದ್ದಾನೆ. ಸ್ವರ್ಣಾ ನದಿ ದಡದ ಕಲ್ಯಾಣಪುರದಲ್ಲಿ ಮಿಲಾಗ್ರಿಸ್ ಚರ್ಚ್ ಶುರುವಾಗಿದ್ದು 1678ರಲ್ಲಿ, ಕೆಳದಿ ಚೆನ್ನಮ್ಮನ ಕಾಲ. ಬ್ರಹ್ಮಾವರ ಅಲ್ಲಿಂದ ಕೆಲವೇ ಕಿಲೋಮೀಟರ್.

ಅದಾಗಿ ನೂರು ವರ್ಷಕ್ಕೆ ದೊಡ್ಡ ಪೆಟ್ಟು ಬಿತ್ತು. 1784ರ ಫೆಬ್ರವರಿಯಲ್ಲಿ, ಎರಡನೇ ಮೈಸೂರು ಯುದ್ಧದ ಕೊನೆಗೆ, ಇವರು ಬ್ರಿಟಿಷರಿಗೆ ಸಹಾಯ ಮಾಡಿದ್ರು ಅನ್ನೋ ಅನುಮಾನದ ಮೇಲೆ ಟಿಪ್ಪು ಸುಲ್ತಾನ್ ಕರಾವಳಿಯ ಕ್ರೈಸ್ತರನ್ನ ಸೆರೆ ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಎಷ್ಟು ಜನ ಅನ್ನೋದರಲ್ಲಿ ಅಂದಾಜುಗಳು 30 ಸಾವಿರದಿಂದ 80 ಸಾವಿರದವರೆಗೂ ಇವೆ. 27 ಚರ್ಚುಗಳನ್ನ ಕೆಡವಲಾಯ್ತು ಅಂತ ಸಾಮಾನ್ಯವಾಗಿ ಹೇಳ್ತಾರೆ. ಉಳಿದದ್ದು ಒಂದೆರಡು. ಫರಂಗಿಪೇಟೆಯ ಮೊಂತೆ ಮರಿಯಾನೊ ಉಳೀತು, ಯಾಕಂದ್ರೆ ಅಲ್ಲಿದ್ದ ಪಾದ್ರಿ ಜೋಕಿಂ ಮಿರಾಂದ ಅವರಿಗೂ ಹೈದರಾಲಿಗೂ ಸ್ನೇಹ ಇತ್ತು. ಮೂಡುಬಿದಿರೆ ಕಡೆ ಹೊಸಬೆಟ್ಟಿನ ಚರ್ಚ್ ಉಳಿದದ್ದು ಜೈನ ಚೌಟ ಅರಸರು ಬೆನ್ನಿಗೆ ನಿಂತಿದ್ದರಿಂದ. ಈ ಎರಡು ವಿಷಯ ನೆನಪಿಟ್ಟುಕೊಳ್ಳಿ. ಇವತ್ತು ಈ ಇತಿಹಾಸವನ್ನ ಒಂದೇ ಬಣ್ಣದಲ್ಲಿ ಹೇಳೋರಿಗೆ ಇವೆರಡು ಸರಿಹೋಗಲ್ಲ.

1799ರ ಮೇನಲ್ಲಿ ಶ್ರೀರಂಗಪಟ್ಟಣ ಬಿತ್ತು. ಬದುಕಿ ಉಳಿದವರು ನಡ್ಕೊಂಡೇ ವಾಪಸ್ ಬಂದರು. ಬಂದು ನೋಡಿದ್ರೆ ಹದಿನೈದು ವರ್ಷ ಕಳೆದಿದೆ. ಗದ್ದೆ ಬೇರೆಯವರ ಕೈಯಲ್ಲಿ, ಮನೆ ಇಲ್ಲ, ಇಗರ್ಜಿ ಇಲ್ಲ.

ಹೀಗಿರುವಾಗ ಚರ್ಚ್ ಕಟ್ಟೋದು ಹೇಗೆ? ಎಂಜಿನಿಯರಿಂಗ್ ಓದಿದವರಿಗೆ ಈ ಭಾಗ ಇಷ್ಟ ಆಗಬಹುದು.

ಮೊದಲು ಮುಳಿಹುಲ್ಲಿನ ಒಂದು ಮಾಡು, ಅಷ್ಟೇ. ಆಮೇಲೆ ಮಣ್ಣಿನ ಗೋಡೆ. ಕೈಗೆ ಸ್ವಲ್ಪ ಕಾಸು ಬಂದ ಮೇಲೆ ಮುರಕಲ್ಲು, ಅಂದ್ರೆ ಕೆಂಪು ಕಲ್ಲು. ಇಂಗ್ಲಿಷಿನಲ್ಲಿ ಲ್ಯಾಟರೈಟ್ ಅನ್ನೋ ಹೆಸರನ್ನ ಇದಕ್ಕೆ ಕೊಟ್ಟವನೂ ಅದೇ ಬ್ಯುಕ್ಯಾನನ್, ಕೇರಳದಲ್ಲಿ ನೋಡಿ. ಈ ಕಲ್ಲಿನ ಗುಣ ವಿಚಿತ್ರ. ನೆಲದಿಂದ ತೆಗೆಯುವಾಗ ಮೆತ್ತಗಿರುತ್ತೆ, ಕೊಡಲಿಯಲ್ಲಿ ಕೆತ್ತಬಹುದು. ಗಾಳಿ ಬಿಸಿಲಿಗೆ ಬಿಟ್ಟರೆ ಗಟ್ಟಿಯಾಗ್ತಾ ಹೋಗುತ್ತೆ. ಅಂದ್ರೆ ಪರಿಣತ ಶಿಲ್ಪಿ ಬೇಕಿಲ್ಲ, ಊರವರೇ ಕಡಿದು ಹೊತ್ತು ತರಬಹುದು. ಗಾರೆಗೆ ಹೊಳೆಯ ಚಿಪ್ಪು ಸುಟ್ಟು ಮಾಡಿದ ಸುಣ್ಣ. ಕೆಲಸ ಮಾಡೋಕೆ ಸಿಗೋ ಸಮಯ ಮಳೆ ನಿಂತ ಮೇಲಿಂದ ಪತ್ತನಾಜೆವರೆಗೆ. ಅಷ್ಟರೊಳಗೆ ಮಾಡು ಆಗಲಿಲ್ಲ ಅಂದ್ರೆ ಆಷಾಢದ ಮಳೆ ಗೋಡೆಯನ್ನ ತಿನ್ನುತ್ತೆ. ಹಾಗಾಗಿ ಒಂದೊಂದು ಚರ್ಚ್ ವರ್ಷವರ್ಷಕ್ಕೆ ಒಂದಿಷ್ಟು ಅಂತ ಬೆಳೀತಿತ್ತು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಾಡಿನ ಚಿಂತೆ ಕಡಿಮೆ ಆಯ್ತು. ಗಮನಿಸಿ, ಬಾಸೆಲ್ ಮಿಷನ್ ಪ್ರೊಟೆಸ್ಟೆಂಟ್. ಅವರ ಹೆಂಚು ಕೆಥೋಲಿಕ್ ಇಗರ್ಜಿ, ದೇವಸ್ಥಾನ, ಮಸೀದಿ, ಗುತ್ತಿನ ಮನೆ ಎಲ್ಲದರ ಮೇಲೂ ಕೂತಿತು.

ಈ ಕೆಲಸ ನಡೆಸ್ತಿದ್ದವರು ಯಾರು? ಪ್ರತಿ ವಾಡೆಗೂ ಒಬ್ಬ ಗುರ್ಕಾರ, ಅಂದ್ರೆ ಜನರ ನಡುವಿನ ಮುಖಂಡ. ಲೆಕ್ಕಪತ್ರ, ಆಸ್ತಿ ನೋಡ್ಕೊಳ್ಳೋಕೆ ಮೊಕ್ತೇಸರರು. ಹೌದು, ದೇವಸ್ಥಾನದಲ್ಲಿ ಬಳಸೋ ಅದೇ ಪದ. ಪಾದ್ರಿ ಬರ್ತಾರೆ, ವರ್ಗವಾಗಿ ಹೋಗ್ತಾರೆ. ಗುರ್ಕಾರ, ಮೊಕ್ತೇಸರ ಊರಲ್ಲೇ ಇರ್ತಾರೆ. ಹಾಗಾಗಿ ಜನರ ಮನಸ್ಸಿನಲ್ಲಿ ‘ಇದು ನಮ್ಮ ಇಗರ್ಜಿ’ ಅನ್ನೋದು ಬರೀ ಭಾವನೆ ಆಗಿರಲಿಲ್ಲ. ಕಲ್ಲು ಹೊತ್ತವನು ಯಾರು, ಭತ್ತ ಕೊಟ್ಟವನು ಯಾರು ಅಂತ ಊರಿಗೆ ಗೊತ್ತಿತ್ತು.

ಈಗ ಜಗಳಕ್ಕೆ ಬರೋಣ.

ಹೊಸ ಸಮುದ್ರ ಮಾರ್ಗಗಳನ್ನ ಹುಡುಕೋ ಕಾಲದಲ್ಲಿ ಪೋಪರು ಪೋರ್ಚುಗಲ್ ರಾಜನಿಗೆ ಒಂದು ಅಧಿಕಾರ ಕೊಟ್ಟಿದ್ರು. ಪೂರ್ವ ದೇಶಗಳಲ್ಲಿ ಚರ್ಚ್ ಕಟ್ಟೋ ಖರ್ಚು ನೀನು ನೋಡ್ಕೋ, ಬದಲಿಗೆ ಬಿಷಪ್‌ಗಳ ಹೆಸರು ಸೂಚಿಸೋ ಹಕ್ಕು ನಿನಗೆ. ಇದಕ್ಕೆ ಪದ್ರುವಾದೊ ಅಂತ ಹೆಸರು. ಆಮೇಲೆ ಪೋರ್ಚುಗಲ್‌ನ ಶಕ್ತಿ ಕುಂದಿತು. 1622ರಲ್ಲಿ ರೋಮ್ ‘ಪ್ರೊಪಗಾಂಡ ಫಿದೆ’ ಅನ್ನೋ ತನ್ನದೇ ಇಲಾಖೆ ಶುರು ಮಾಡಿ ನೇರವಾಗಿ ಪಾದ್ರಿಗಳನ್ನ ಕಳಿಸೋಕೆ ಆರಂಭಿಸ್ತು. ನಮ್ಮ ಭಾಷೇಲಿ ಹೇಳೋದಾದ್ರೆ ಒಂದೇ ಸರ್ವರ್, ಇಬ್ಬರು ಅಡ್ಮಿನ್, ಇಬ್ಬರಿಗೂ ರೂಟ್ ಪಾಸ್‌ವರ್ಡ್. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಹೀಗೇ ನಡೀತು.

1838ರಲ್ಲಿ ರೋಮ್ ಪದ್ರುವಾದೊ ಹಕ್ಕನ್ನ ಬಹುಮಟ್ಟಿಗೆ ರದ್ದು ಮಾಡ್ತು. ಗೋವಾ ಒಪ್ಪಲಿಲ್ಲ. ಕರಾವಳಿಯ ಜನ ಇಬ್ಭಾಗ ಆದ್ರು. ಇಲ್ಲಿ ಒಂದು ತಪ್ಪು ಕಲ್ಪನೆ ಬರಬಾರದು. ಇದು ‘ನಮ್ಮೋರು ವಿರುದ್ಧ ಬಿಳಿಯರು’ ಅನ್ನೋ ಸರಳ ಕತೆ ಅಲ್ಲ. ಗೋವಾದ ಪಾದ್ರಿಗಳ ಆಡಳಿತದಿಂದ ಬೇಸತ್ತು, ಮಂಗಳೂರಿಗೆ ತನ್ನದೇ ಬಿಷಪ್ ಬೇಕು, ಒಳ್ಳೆ ಶಾಲೆ ಬೇಕು ಅಂತ ರೋಮ್ ಕಡೆ ವಾಲಿದ ಕೊಂಕಣಿಗರು ಬಹಳ ಜನ ಇದ್ರು. 1878ರ ಕೊನೆಗೆ ಇಟಲಿಯ ಜೆಸುಯಿಟರು ಬಂದಾಗ ಅವರನ್ನ ಸಂತೋಷದಿಂದ ಬರಮಾಡಿಕೊಂಡವರೂ ಇವರೇ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ ಶುರುವಾಗಿದ್ದು ಆ ಬೇಡಿಕೆಯಿಂದಲೇ.

ಆದ್ರೆ ಇನ್ನೊಂದು ಗುಂಪಿಗೆ ಗೋವಾದ ಪಾದ್ರಿಗಳೇ ನಮ್ಮವರು. ಅವರು ಕೊಂಕಣಿಯಲ್ಲಿ ಪಾಪನಿವೇದನೆ ಕೇಳ್ತಾರೆ. ಕೊಂಕಣಿಯಲ್ಲಿ ಪ್ರಸಂಗ ಮಾಡ್ತಾರೆ. ಮದುವೆ ಮನೆ, ಸಾವಿನ ಮನೆ ಎರಡರ ರೀತಿಯೂ ಅವರಿಗೆ ಗೊತ್ತು.

1886ರಲ್ಲಿ ಪೋಪ್ 13ನೇ ಲಿಯೋ ಮತ್ತು ಪೋರ್ಚುಗಲ್ ನಡುವೆ ಒಪ್ಪಂದ ಆಯ್ತು. ಅದರ ಪ್ರಕಾರ ಕೆನರಾದಲ್ಲಿ ಗೋವಾದ ಕೈಯಲ್ಲಿ ಉಳಿದಿದ್ದ ಚರ್ಚುಗಳು ಮಂಗಳೂರು ಬಿಷಪ್ ಕೈಕೆಳಗೆ ಬಂದವು. ಲಿಸ್ಬನ್ ಮತ್ತು ರೋಮ್ ನಡುವೆ ಮಾತುಕತೆ ನಡೆದು ಸಹಿ ಬಿತ್ತು. ಕಲ್ಲು ಹೊತ್ತವರನ್ನ ಯಾರೂ ಕೇಳಲಿಲ್ಲ.

ನಿಮಗೆ ಈ ಅನುಭವ ಹೊಸದಲ್ಲ. ಒಂದು ಬೆಳಿಗ್ಗೆ ಮೇಲ್ ಬರುತ್ತೆ, ನಿಮ್ಮ ತಂಡ ಇನ್ನು ಮುಂದೆ ಬೇರೆ ಕಡೆಗೆ ರಿಪೋರ್ಟ್ ಮಾಡುತ್ತೆ ಅಂತ. ವ್ಯತ್ಯಾಸ ಏನಂದ್ರೆ ನಾವು ರೆಸ್ಯೂಮೆ ತಿದ್ದಿ ಬೇರೆ ಕಡೆ ಹೋಗಬಹುದು. ಗದ್ದೆ ಇರೋನು, ಅಜ್ಜನ ಸಮಾಧಿ ಅಂಗಳದಲ್ಲಿ ಇರೋನು ಎಲ್ಲಿಗೆ ಹೋಗ್ತಾನೆ?

ಬಹಳಷ್ಟು ಊರುಗಳು ಗೊಣಗಿ ಒಪ್ಪಿಕೊಂಡವು. ಕಲ್ಯಾಣಪುರ, ಬ್ರಹ್ಮಾವರ ಸುತ್ತಲಿನ ಒಂದು ಗುಂಪು ಒಪ್ಪಲಿಲ್ಲ. ಅವರಿಗೆ ಸಿಕ್ಕ ನಾಯಕ ಗೋವಾದ ವೆರ್ಣಾದಲ್ಲಿ 1836ರಲ್ಲಿ ಹುಟ್ಟಿದ ಪಾದ್ರಿ ಆಂತೋನಿಯೊ ಫ್ರಾನ್ಸಿಸ್ಕೊ ಶಾವಿಯರ್ ಅಲ್ವಾರಿಸ್. ಪತ್ರಿಕೆ ನಡೆಸ್ತಿದ್ದ ಮನುಷ್ಯ. ಚರ್ಚಿನ ಮೇಲಧಿಕಾರಿಗಳನ್ನೂ ಪೋರ್ಚುಗೀಸ್ ಸರ್ಕಾರವನ್ನೂ ಬಿಡದೆ ಟೀಕೆ ಮಾಡಿ ಇಬ್ಬರಿಗೂ ಬೇಡವಾದವರು.

ಪ್ರತಿಭಟನೆ ಮಾಡೋದು ಸುಲಭ, ಆದ್ರೆ ಒಂದು ತಾಂತ್ರಿಕ ಸಮಸ್ಯೆ ಇತ್ತು. ಬಿಷಪ್ ಇಲ್ಲದೆ ಹೊಸ ಪಾದ್ರಿಗಳಿಗೆ ದೀಕ್ಷೆ ಆಗಲ್ಲ. ಬಿಷಪ್ ಆಗ್ಬೇಕಾದ್ರೆ ಇನ್ನೊಬ್ಬ ಬಿಷಪ್ ಅಭಿಷೇಕ ಮಾಡ್ಬೇಕು. ಆ ಸರಪಳಿ ಅಪೊಸ್ತಲರವರೆಗೂ ತುಂಡಾಗದೆ ಹೋಗಬೇಕು ಅನ್ನೋದು ಅವರ ನಂಬಿಕೆ. ರೋಮ್ ಕೊಡಲ್ಲ. ಹಾಗಾದ್ರೆ ಭಾರತದಲ್ಲಿ ರೋಮಿನ ಹಂಗಿಲ್ಲದೆ ಆ ಸರಪಳಿ ಯಾರ ಹತ್ತಿರ ಇದೆ? ಕೇರಳದ ಮಲಂಕರ ಸಿರಿಯನ್ ಕ್ರೈಸ್ತರ ಹತ್ತಿರ. ಆಂಟಿಯೋಕ್‌ನ ಪೇಟ್ರಿಯಾರ್ಕರ ಒಪ್ಪಿಗೆ ಪಡೆದು, 1889ರ ಜುಲೈನಲ್ಲಿ ಕೊಟ್ಟಾಯಂನ ಹಳೇ ಸೆಮಿನರಿಯಲ್ಲಿ ಅಲ್ವಾರಿಸ್ ಅವರಿಗೆ ಅಭಿಷೇಕ ಆಯ್ತು. ಹೊಸ ಹೆಸರು ಮಾರ್ ಜೂಲಿಯಸ್. ಗೋವಾ, ಭಾರತ ಮತ್ತು ಸಿಲೋನ್‌ಗೆ ಆರ್ಚ್‌ಬಿಷಪ್ ಅಂತ ಪದವಿ.

ಬ್ರಹ್ಮಾವರದಲ್ಲಿ ಕೆಲಸ ನಿಂತು ಮಾಡಿದವರು ಇನ್ನೊಬ್ಬರು, ಪಾದ್ರಿ ರೋಕ್ ಜೆಫ್ರಿನ್ ನೊರೊನ್ಹ. ಅಲ್ವಾರಿಸ್ ಗೋವಾ, ಕೊಲಂಬೊ ಅಂತ ಓಡಾಡ್ತಿದ್ರೆ ನೊರೊನ್ಹ ಈ ಊರಲ್ಲೇ ಬೇರು ಬಿಟ್ಟರು. 1936ರಲ್ಲಿ ತೀರಿಕೊಳ್ಳೋವರೆಗೂ ಈ ಜನರ ಜೊತೆ ಇದ್ದರು. ಸಂತ ಮರಿಯಮ್ಮನ ಹೆಸರಿನ ಇಗರ್ಜಿ ನಿಂತಿತು, ಪಕ್ಕದಲ್ಲಿ ಮಕ್ಕಳಿಗೆ ಪಾಠ ಶುರುವಾಯ್ತು. ಉಡುಪಿ ಕಡೆಯವರಿಗೆ ಗೊತ್ತಿರೋ ಬ್ರಹ್ಮಾವರದ ಎಸ್‌ಎಂಎಸ್ ವಿದ್ಯಾಸಂಸ್ಥೆಗಳ ಹೆಸರು ‘ಸೇಂಟ್ ಮೇರೀಸ್ ಸಿರಿಯನ್’ ಅಂತ. ಕೊಂಕಣಿ ಮಾತಾಡೋ ಊರಲ್ಲಿ ‘ಸಿರಿಯನ್’ ಎಲ್ಲಿಂದ ಬಂತು ಅಂತ ಯಾರಿಗಾದ್ರೂ ಅನಿಸಿದ್ರೆ, ಉತ್ತರ ಈ ಕತೆ.

ಇದಕ್ಕೆ ಜನ ತೆತ್ತ ಬೆಲೆ ಏನು?

ರೋಮ್ ಅಲ್ವಾರಿಸ್ ಅವರನ್ನೂ ಅವರ ಹಿಂದೆ ಹೋದವರನ್ನೂ ಬಹಿಷ್ಕರಿಸ್ತು. ಹಳ್ಳಿಯಲ್ಲಿ ಬಹಿಷ್ಕಾರ ಅಂದ್ರೆ ಕಾಗದದ ಮೇಲಿನ ಶಿಕ್ಷೆ ಅಲ್ಲ. ಮಗಳನ್ನ ಯಾರಿಗೆ ಕೊಡೋದು, ಹೆಣ ಎಲ್ಲಿ ಹೂಳೋದು, ತೆನೆಹಬ್ಬಕ್ಕೆ ಯಾರ ಮನೆಗೆ ಹೋಗೋದು ಅನ್ನೋದೆಲ್ಲ ಅದರಲ್ಲಿ ಬರುತ್ತೆ. ಒಂದೇ ಮನೆತನ, ಅದೇ ಗೋವಾ ಮೂಲದ ಮನೆಹೆಸರು, ಆದ್ರೆ ಒಬ್ಬ ಅಣ್ಣ ಆ ಇಗರ್ಜಿ, ಒಬ್ಬ ತಮ್ಮ ಈ ಇಗರ್ಜಿ.

ಅಲ್ವಾರಿಸ್ ಅವರನ್ನ ಗೋವಾದಲ್ಲಿ ಪೋರ್ಚುಗೀಸ್ ಸರ್ಕಾರ ಬಂಧಿಸಿ ಬಿಷಪ್ ಉಡುಪು ಬಿಚ್ಚಿಸಿ ಅವಮಾನ ಮಾಡ್ತು. ಅವರು ಪಣಜಿಯಲ್ಲಿ ಬಡವರ, ರೋಗಿಗಳ ಸೇವೆ ಮಾಡ್ತಾ ಉಳಿದರು, ಕಾಲರಾ ಚಿಕಿತ್ಸೆ ಬಗ್ಗೆ ಪುಸ್ತಿಕೆ ಬರೆದರು. 1923ರಲ್ಲಿ ರಾಯಬಂದರ್ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅವರನ್ನ ಕೆಥೋಲಿಕ್ ಸ್ಮಶಾನದಲ್ಲಿ ಹೂಳಲಿಲ್ಲ. ಕೊನೆವರೆಗೂ ಮಾತು ಹಿಂತೆಗೆದುಕೊಳ್ಳಲಿಲ್ಲ.

ಈಗ ಕತೆಯ ವಿಚಿತ್ರ ತಿರುವು. ಈ ಜನ ಜಗಳ ಆಡಿದ್ದು ಯಾಕೆ? ಹಳೇದು ಬದಲಾಗಬಾರದು, ಗೋವಾದ ಸಂಬಂಧ ಕಡಿಯಬಾರದು ಅಂತ. ಶುರುವಿನಲ್ಲಿ ಪೂಜೆಯನ್ನೂ ಹಳೇ ಲ್ಯಾಟಿನ್ ಕ್ರಮದಲ್ಲೇ ಇಟ್ಟುಕೊಂಡರು. ಆದ್ರೆ ಕಾಲ ಕಳೆದ ಹಾಗೆ ಅವರು ಪೂರ್ತಿ ಮಲಂಕರ ಆರ್ಥೊಡಾಕ್ಸ್ ಸಭೆಯ ಭಾಗ ಆದರು. ಪೂಜೆ ಸಿರಿಯನ್ ಕ್ರಮಕ್ಕೆ ಬಂತು, ಅದನ್ನ ಕೊಂಕಣಿಗೂ ಕನ್ನಡಕ್ಕೂ ತಂದುಕೊಂಡರು. ಹಳೇದನ್ನ ಉಳಿಸೋಕೆ ಫೋರ್ಕ್ ಮಾಡಿದವರು ಮೂಲದಿಂದ ಎಲ್ಲರಿಗಿಂತ ದೂರ ಬಂದರು. ಓಪನ್ ಸೋರ್ಸ್‌ನಲ್ಲಿ ಕೆಲಸ ಮಾಡಿದವರಿಗೆ ಇದು ಆಶ್ಚರ್ಯ ಅಲ್ಲ. ಫೋರ್ಕ್ ಮಾಡೋ ದಿನ ಎರಡೂ ಒಂದೇ ಥರ ಇರುತ್ತೆ. ಆಮೇಲೆ ಯಾರ ಜೊತೆ ಮರ್ಜ್ ಮಾಡ್ತೀರಿ ಅನ್ನೋದರ ಮೇಲೆ ದಾರಿ ಬೇರೆ ಆಗುತ್ತೆ.

ಇನ್ನೊಂದು ವಿಷಯ. ಅವರು ಸೇರಿಕೊಂಡ ಕೇರಳದ ಸಭೆಯೂ ಮುಂದೆ ಒಡೀತು. ಪೇಟ್ರಿಯಾರ್ಕ್ ಪಕ್ಷ, ಕೊಟ್ಟಾಯಂನ ಕೆಥೋಲಿಕೋಸ್ ಪಕ್ಷ ಅಂತ. ಅಲ್ಲೂ ಪ್ರಶ್ನೆ ಅದೇ, ಊರಿನ ಚರ್ಚ್ ಊರವರದ್ದೋ ಸಭೆಯದ್ದೋ? ಕೇಸ್ ಸುಪ್ರೀಂ ಕೋರ್ಟ್‌ವರೆಗೂ ಹಲವು ಸಲ ಹೋಯ್ತು. 2017ರಲ್ಲಿ ಕೋರ್ಟ್, ಚರ್ಚುಗಳ ಆಡಳಿತ 1934ರ ಸಂವಿಧಾನದ ಪ್ರಕಾರವೇ ನಡೀಬೇಕು ಅಂತ ತೀರ್ಪು ಕೊಡ್ತು. ಹಾಗಾಗಿ ಬೇರೆ ಮಾಡಿಕೊಂಡ್ರೆ ಸಮಸ್ಯೆ ಮುಗೀತು ಅಂತ ಯಾರೂ ತಿಳ್ಕೋಬಾರದು. ‘ಇದು ಯಾರದ್ದು’ ಅನ್ನೋ ಪ್ರಶ್ನೆ ಹೊಸ ಮನೆಗೂ ಹಿಂದೆಯೇ ಬರುತ್ತೆ.

ಇವತ್ತು ಪರಿಸ್ಥಿತಿ ಹೇಗಿದೆ? 2010ರಲ್ಲಿ ಮಲಂಕರ ಆರ್ಥೊಡಾಕ್ಸ್ ಸಭೆ ಬ್ರಹ್ಮಾವರದ ಹೆಸರಿನಲ್ಲೇ ಒಂದು ಧರ್ಮಪ್ರಾಂತ್ಯ ಮಾಡ್ತು. 2012ರಲ್ಲಿ ಕೆಥೋಲಿಕರ ಉಡುಪಿ ಧರ್ಮಪ್ರಾಂತ್ಯ ಆಯ್ತು, ಅದರ ಪ್ರಧಾನ ದೇವಾಲಯ ಅದೇ ಕಲ್ಯಾಣಪುರದ ಮಿಲಾಗ್ರಿಸ್. 1886ರಲ್ಲಿ ಈ ಸುತ್ತಲಿನ ಜನ ದೂರದ ಬಿಷಪ್ ಬೇಡ ಅಂತ ಜಗಳ ಆಡಿದ್ರು. ಈಗ ಕೆಲವೇ ಕಿಲೋಮೀಟರ್ ಅಂತರದ ಎರಡು ಊರಿಗೆ ಎರಡು ಧರ್ಮಪ್ರಾಂತ್ಯ ಇದೆ!

ನನ್ನನ್ನ ನಿಜವಾಗಿ ಕಾಡೋ ವಿಷಯಕ್ಕೆ ಈಗ ಬರ್ತೀನಿ, ಇದು ನಮ್ಮೆಲ್ಲರದ್ದೂ. ಬ್ರಹ್ಮಾವರದ ಈ ಸಮುದಾಯ ಚಿಕ್ಕದು. ಕರಾವಳಿಯ ಎಲ್ಲರ ಹಾಗೆ ಅವರ ಮಕ್ಕಳೂ ಊರು ಬಿಟ್ಟಿದ್ದಾರೆ. ಪುಣೆಯಲ್ಲೋ ದೆಹಲಿಯಲ್ಲೋ ಕೆಲಸಕ್ಕೆ ಸೇರಿದ ಆ ಹುಡುಗಿ ಭಾನುವಾರ ಎಲ್ಲಿಗೆ ಹೋಗ್ತಾಳೆ? ಅಲ್ಲಿ ಆರ್ಥೊಡಾಕ್ಸ್ ಚರ್ಚ್ ಇದೆ, ಆದ್ರೆ ಬಹುಪಾಲು ಮಲಯಾಳಿಗಳದ್ದು, ಪೂಜೆ ಮಲಯಾಳಂನಲ್ಲಿ. ಕೊಂಕಣಿ ಪೂಜೆ ಹುಡುಕಿದ್ರೆ ಅದು ಕೆಥೋಲಿಕ್ ಚರ್ಚ್‌ನಲ್ಲಿ ಸಿಗಬಹುದು, ಅಂದ್ರೆ ಮುತ್ತಜ್ಜ ಜಗಳ ಮಾಡಿ ಬಿಟ್ಟು ಬಂದ ಕಡೆ. ಭಾಷೆ ಬೇಕಾದ್ರೆ ಸಭೆ ಬಿಡಬೇಕು, ಸಭೆ ಬೇಕಾದ್ರೆ ಭಾಷೆ ಬಿಡಬೇಕು. ಮುತ್ತಜ್ಜ ಎರಡೂ ಬೇಕು ಅಂತಲೇ ಕಲ್ಲು ಹೊತ್ತಿದ್ದ.

ಇದನ್ನ ಕೇಳುವಾಗ ನಿಮ್ಮ ನಿಮ್ಮ ಊರಿನ ಕನ್ನಡ ಸಂಘ ನೆನಪಾಗಿರಬೇಕು. ನಮ್ಮದೂ ಹೆಚ್ಚು ಕಡಿಮೆ ಇದೇ ಕತೆ. ಹಿರಿಯರು ಚೀಟಿ ಹಾಕಿ, ಮನೆಮನೆ ಸುತ್ತಿ ದೇಣಿಗೆ ಎತ್ತಿ ಒಂದು ಹಾಲ್, ಒಂದು ಶಾಲೆ ಕಟ್ಟಿದ್ರು. ನಾವು ಗಣೇಶನ ಹಬ್ಬಕ್ಕೆ ಹೋಗಿ ಊಟ ಮಾಡಿ ಬರ್ತೀವಿ. ಅದರ ಕಾಗದಪತ್ರ ಎಲ್ಲಿದೆ, ನಿಯಮ ಬದಲಾಯಿಸೋ ಅಧಿಕಾರ ಯಾರಿಗಿದೆ, ವಾರ್ಷಿಕ ಸಭೆಗೆ ಎಷ್ಟು ಜನ ಬರ್ತಾರೆ ಅಂತ ನಮಗೆ ಗೊತ್ತಿರಲ್ಲ. ಸಂಘ ಒಡೆದಾಗ ಮಾತ್ರ ವಾಟ್ಸಾಪ್‌ನಲ್ಲಿ ಬಿಸಿ ಬಿಸಿ ಚರ್ಚೆ.

ಬ್ರಹ್ಮಾವರದವರಿಂದ ನಾನು ಕಲಿತದ್ದು ಇಷ್ಟು. ಬೇಡ ಅಂದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಬಿಷಪ್ ಬೇಕು ಅಂದಾಗ ಕೊಟ್ಟಾಯಂವರೆಗೂ ಹೋದ್ರು, ಇಗರ್ಜಿ ಎಬ್ಬಿಸಿದ್ರು, ಪಕ್ಕದಲ್ಲಿ ಶಾಲೆ ತೆರೆದ್ರು, ಪೂಜೆಯನ್ನ ತಮ್ಮ ಭಾಷೆಗೆ ತಂದ್ರು. ಅವರ ನಿರ್ಧಾರ ಸರಿಯೋ ತಪ್ಪೋ ನೀವು ವಾದ ಮಾಡಬಹುದು. ಅಣ್ಣತಮ್ಮಂದಿರ ನಡುವೆ ಗೋಡೆ ಎದ್ದಿದ್ದನ್ನ ನಾನೂ ಹೊಗಳಲ್ಲ. ಆದ್ರೆ ಆ ಶಾಲೆ ಇವತ್ತಿಗೂ ಇದೆ, ಅದರಲ್ಲಿ ಎಲ್ಲಾ ಜಾತಿ ಧರ್ಮದ ಮಕ್ಕಳು ಓದ್ತಾರೆ. ಜಗಳ ಯಾಕೆ ಶುರುವಾಯ್ತು ಅಂತ ಅವರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

ಒಂದು ಕೋರಿಕೆ. ನೀವು ಆ ಕಡೆಯವರಾಗಿದ್ರೆ, ಯಾವ ಇಗರ್ಜಿಯವರೇ ಆಗಿರಿ, ಮನೆಯ ಪೆಟ್ಟಿಗೆಯಲ್ಲಿ ಹಳೇ ದೇಣಿಗೆ ರಸೀದಿ, ಮದುವೆ ಪತ್ರ, ಗುರ್ಕಾರ ಅಜ್ಜನ ಲೆಕ್ಕದ ಪುಸ್ತಕ ಇದ್ದೇ ಇರುತ್ತೆ. ಮುಂದಿನ ಸಲ ರಜೆಗೆ ಹೋದಾಗ ಫೋನಿನಲ್ಲಿ ಸ್ಕ್ಯಾನ್ ಮಾಡಿ ಇಡಿ. ತಾರೀಕು, ಹೆಸರು ಬರೆದಿಡಿ. ಅಜ್ಜ ಅಜ್ಜಿ ಇದ್ರೆ ಕೂರಿಸಿಕೊಂಡು ಕೇಳಿ, ಕಲ್ಲು ಎಲ್ಲಿಂದ ಬಂತು, ಮೊದಲ ಹೆಂಚಿಗೆ ಯಾರು ದುಡ್ಡು ಕೊಟ್ಟರು ಅಂತ. ರೋಮ್‌ನ ದಾಖಲೆ ರೋಮ್‌ನಲ್ಲಿ ಭದ್ರವಾಗಿದೆ, ಲಿಸ್ಬನ್‌ನದ್ದು ಲಿಸ್ಬನ್‌ನಲ್ಲಿ. ಕಲ್ಲು ಹೊತ್ತವರ ದಾಖಲೆ ಇರೋದು ನಿಮ್ಮ ಅಟ್ಟದ ಮೇಲೆ, ಮತ್ತು ಅಲ್ಲಿ ಪ್ರತಿ ಮಳೆಗಾಲಕ್ಕೂ ಗೆದ್ದಲು ಬರುತ್ತೆ.